ವಾದ, ಪಣ, ಜಯಪತ್ರ: ಕಲಬುರಗಿ ಸೀಮೆಯಲ್ಲಿ ಧರ್ಮಚರ್ಚೆ ಕಲಹವಾದ ಬಗೆ

ಕಲಬುರಗಿ ಸೀಮೆಯನ್ನು ಕುರಿತು ಬರೆದ ಇತಿಹಾಸಕಾರರಲ್ಲಿ ಹೆಚ್ಚಿನವರು ಈ ನೆಲವನ್ನು ಭಾವೈಕ್ಯದ ನೆಲೆಯೆಂದು ಬಣ್ಣಿಸಿದ್ದಾರೆ. ಖಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ದಾಸೋಹ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಈ ಬಣ್ಣನೆಗೆ ಆಧಾರವಾಗಿ ಮತ್ತೆ ಮತ್ತೆ ಬರುತ್ತವೆ. ಆ ಆಧಾರಗಳು ಸುಳ್ಳಲ್ಲ. ಆದರೆ ಇದೇ ಸೀಮೆಗೆ ಸಂಬಂಧಿಸಿದ ಶಾಸನ, ಸೂಫಿ ಗ್ರಂಥ, ಹೈದರಾಬಾದು ಸಂಸ್ಥಾನದ ಕಾಲದ ಘಟನಾವಳಿ ಹಾಗೂ ಇತ್ತೀಚಿನ ನ್ಯಾಯಾಲಯದ ಆದೇಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಸಂಗತಿಯೂ ಎದ್ದು ಕಾಣುತ್ತದೆ. ನಂಬಿಕೆಯ ಬಗ್ಗೆ ಆರಂಭವಾದ ಮಾತು ಇಲ್ಲಿ ಅನೇಕ ಬಾರಿ ಹಗೆಯಲ್ಲಿ ಮುಗಿದಿದೆ. ಹಾಗೆ ಮುಗಿದದ್ದು ಯಾವಾಗ, ಮುಗಿಯದೆ ಉಳಿದದ್ದು ಯಾವಾಗ ಎಂಬ ಪ್ರಶ್ನೆಯನ್ನು ಭಾವೈಕ್ಯದ ಬಣ್ಣನೆಯು ಕೇಳಿಕೊಂಡಿಲ್ಲ. ಸಾಮರಸ್ಯದ ಉದಾಹರಣೆಗಳನ್ನು ಒಂದು ಕಡೆ, ಸಂಘರ್ಷದ ಉದಾಹರಣೆಗಳನ್ನು ಇನ್ನೊಂದು ಕಡೆ ಪೇರಿಸಿಡುವುದರಿಂದ ಈ ಪ್ರಶ್ನೆಗೆ ಉತ್ತರ ದೊರೆಯುವುದೂ ಇಲ್ಲ.

ಮತಭೇದವೇ ಕಲಹದ ಮೂಲವೆಂಬುದು ಸಾಮಾನ್ಯವಾದ ಗ್ರಹಿಕೆ. ಈ ಸೀಮೆಯ ದಾಖಲೆಗಳು ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಭೇದವು ಶತಮಾನಗಳಿಂದಲೂ ಇತ್ತು, ಬಹುಪಾಲು ಕಾಲ ತಣ್ಣಗೇ ಇತ್ತು. ಮಾತಿನ ಬೆನ್ನಿಗೆ ಒಂದು ಪಣ ಬಂದು ನಿಂತಾಗ, ಅದರಲ್ಲೂ ಬಲದಿಂದ ಕಿತ್ತುಕೊಳ್ಳಬಹುದಾದ ವಿಗ್ರಹ, ಜಾಗ, ದತ್ತಿ, ಪದವಿಯಂಥ ಪಣ ಬಂದು ನಿಂತಾಗ, ಚರ್ಚೆಯು ಕಲಹವಾಗಿದೆ. ಕನ್ನಡ ನುಡಿಯೇ ಇದಕ್ಕೆ ಒಂದು ಸುಳಿವನ್ನು ಇಟ್ಟುಕೊಂಡಿದೆ. ಬಾಜಿ ಎಂಬ ಅರ್ಥದ ‘ಪಂತ’ವೂ ಮಾರ್ಗ, ಸಂಪ್ರದಾಯ ಎಂಬ ಅರ್ಥದ ‘ಪಂಥ’ವೂ ಬೇರೆ ಬೇರೆ ಪದಗಳಾದರೂ ಬಳಕೆಯಲ್ಲಿ ಒಂದೇ ರೂಪ ತಾಳಿವೆ. ‘ಪಂಥಾಹ್ವಾನ’ ಎಂದು ಬರೆಯುವವರು ಅದನ್ನು ಗಮನಿಸುವುದೂ ಇಲ್ಲ. ‘ಮತ’ವೆಂಬ ಪದವಂತೂ ಅಭಿಪ್ರಾಯ, ಧರ್ಮ, ಚುನಾವಣೆಯ ಓಟು ಈ ಮೂರನ್ನೂ ಸೂಚಿಸುತ್ತದೆ.

ಕಲಬುರಗಿ ನಗರವನ್ನು ನಡುವೆ ಇಟ್ಟುಕೊಂಡು ನೋಡಿದರೆ ಪಶ್ಚಿಮೋತ್ತರಕ್ಕೆ ಆಳಂದ, ಆಗ್ನೇಯಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಈಶಾನ್ಯಕ್ಕೆ ಹುಮನಾಬಾದಿನ ದಾರಿಯಲ್ಲಿ ಕಮಲಾಪುರ ಇವೆ. ಹುಮನಾಬಾದು ದಾಟಿದ ಮೇಲೆ ಒಂದು ದಾರಿ ಬೀದರಿಗೂ ಇನ್ನೊಂದು ಬಸವಕಲ್ಯಾಣಕ್ಕೂ ಹೋಗುತ್ತದೆ. ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಬಹಮನಿ ಎಂಬ ಮೂರು ಪ್ರಭುತ್ವಗಳ ರಾಜಧಾನಿಗಳು ಇಷ್ಟು ಹತ್ತಿರದಲ್ಲಿ ಇರುವುದರಿಂದ ಜೈನ, ಶೈವ, ವೈಷ್ಣವ, ಶರಣ, ಸೂಫಿ ಪರಂಪರೆಗಳು ಇಲ್ಲಿ ಅರಮನೆಯ ನೆರಳಿನಲ್ಲೇ ಒಂದನ್ನೊಂದು ಎದುರುಗೊಂಡವು. ಅರಮನೆ ಹತ್ತಿರವಿದ್ದಲ್ಲಿ ವಾದಕ್ಕೆ ತೀರ್ಪುಗಾರನೂ ಹತ್ತಿರವಿರುತ್ತಾನೆ.

ಮಳಖೇಡದ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ ರಚನೆಯಾದ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರರ ಧರ್ಮವನ್ನೂ ತಾಳಿಕೊಳ್ಳಬಲ್ಲ ಗುಣವನ್ನೇ ನಿಜವಾದ ಐಶ್ವರ್ಯವೆಂದು ಎಣಿಸಿದೆ. ಆ ಪದ್ಯವನ್ನು ಕನ್ನಡಿಗರ ಸಹಿಷ್ಣುತೆಗೆ ಸಾಕ್ಷಿಯೆಂದು ಉದಾಹರಿಸುವುದು ವಾಡಿಕೆಯಾಗಿದೆ. ಆದರೆ ತಾಳಿಕೆಯನ್ನು ಚಿನ್ನಕ್ಕೆ ಹೋಲಿಸಿದ ಕವಿ ಅದು ಚಿನ್ನದಷ್ಟೇ ವಿರಳವಾದುದೆಂಬುದನ್ನೂ ಅರಿತಿದ್ದನೆಂದು ಭಾವಿಸಲು ಅಡ್ಡಿಯಿಲ್ಲ. ಎಲ್ಲರ ಬಳಿಯೂ ಇರುವ ವಸ್ತುವನ್ನು ಯಾರೂ ಐಶ್ವರ್ಯವೆಂದು ಕರೆಯುವುದಿಲ್ಲ.

ವಾದವು ಹೇಗೆ ಕೆಡುತ್ತದೆ ಎಂಬುದನ್ನು ಭಾರತೀಯ ತರ್ಕಶಾಸ್ತ್ರವು ಬಹಳ ಹಿಂದೆಯೇ ವಿಂಗಡಿಸಿ ಹೇಳಿತ್ತು. ನ್ಯಾಯಸೂತ್ರದ ಪ್ರಕಾರ ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಎದುರಾಳಿಯದನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡ. ಜಲ್ಪ ಮತ್ತು ವಿತಂಡಗಳನ್ನು ಸೂತ್ರಕಾರನು ಪೂರ್ತಿಯಾಗಿ ತಿರಸ್ಕರಿಸಿಲ್ಲ ಎಂಬುದು ಸ್ವಾರಸ್ಯಕರ. ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿ ಹಾಕುವಂತೆ ತತ್ತ್ವವನ್ನು ಕಾಯಲು ಅವು ಬೇಕಾಗುತ್ತವೆ ಎಂಬುದು ಅವನ ನಿಲುವು. ಮಧ್ವಾಚಾರ್ಯರು ಕಥಾಲಕ್ಷಣವೆಂಬ ಕಿರುಗ್ರಂಥದಲ್ಲಿ ಇದೇ ವಿಂಗಡಣೆಯನ್ನು ಪರಿಷ್ಕರಿಸಿ, ಕೀರ್ತಿಗಾಗಿಯೋ ಸ್ಪರ್ಧೆಯಿಂದಲೋ ನಡೆಯುವ ಮಾತನ್ನು ಜಲ್ಪವೆಂದರು. ಅದಕ್ಕೆ ಟೀಕೆ ಬರೆದ ಜಯತೀರ್ಥರ ಹೆಸರು ಮಳಖೇಡದೊಂದಿಗೆ ಬೆಸೆದುಕೊಂಡಿದೆ. ವಾದದ ನಿಯಮಗಳು ಈ ಸೀಮೆಗೆ ಹೊಸವಾಗಿರಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ನಿಯಮ ತಿಳಿದವರ ನಡುವೆಯೂ ಬೇಲಿಯು ಬೆಳೆಗಿಂತ ಎತ್ತರವಾಗಿ ಬೆಳೆದ ಸಂದರ್ಭಗಳಿವೆ.

ಅಂಥ ಸಂದರ್ಭಗಳಲ್ಲಿ ಅತ್ಯಂತ ವಿವರವಾದ ದಾಖಲೆಯಿರುವುದು ಏಕಾಂತದ ರಾಮಯ್ಯನದು. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿರುವ, ಹಾನಗಲ್ಲಿನ ಕದಂಬ ಕಾಮದೇವನ ಕಾಲದ, ಸುಮಾರು 1200ರ ಶಾಸನವು ಈ ಪ್ರಸಂಗವನ್ನು ನಿರೂಪಿಸುತ್ತದೆ. ಅದನ್ನು ಜೆ.ಎಫ್. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ರಾಮಯ್ಯನು ಕುಂತಳ ದೇಶದ ಅಲಂದೆಯವನೆಂದು ಶಾಸನ ಹೇಳುತ್ತದೆ. ಅಲಂದೆಯೆಂದರೆ ಇಂದಿನ ಆಳಂದ. ಪುರುಷೋತ್ತಮಭಟ್ಟನ ಮಗನಾದ ಈತ ಶಿವಭಕ್ತನಾಗಿ ಪುಲಿಗೆರೆಗೆ ಬಂದು, ಅಲ್ಲಿಂದ ಅಬ್ಬಲೂರಿಗೆ ಹೋಗುತ್ತಾನೆ. ಅಲ್ಲಿ ಸಂಕಗಾವುಂಡನ ಮುಂದಾಳ್ತನದಲ್ಲಿ ಜೈನರು ಶಿವಾಲಯದ ಸನ್ನಿಧಿಯಲ್ಲಿ ಜಿನಸ್ತುತಿ ಮಾಡಿದರೆಂಬುದು ಜಗಳಕ್ಕೆ ಮೊದಲ ಕಾರಣ. ಜಗಳ ಹುಟ್ಟಿದ್ದು ಸಿದ್ಧಾಂತದ ಒಂದು ಅಂಶದ ಮೇಲಲ್ಲ. ಯಾರ ಸ್ತುತಿ ಎಲ್ಲಿ ಕೇಳಿಸಬೇಕು ಎಂಬುದರ ಮೇಲೆ. ಆಮೇಲೆ ನಡೆದ ಅನೇಕ ಘರ್ಷಣೆಗಳ ಆರಂಭವೂ ಇದೇ ರೀತಿಯದು ಎಂಬುದನ್ನು ಮರೆಯಬಾರದು.

ಮಾತಿಗೆ ಮಾತು ಬೆಳೆದು ಪಣಕ್ಕೆ ಬರುತ್ತದೆ. ರಾಮಯ್ಯನು ತನ್ನ ತಲೆಯನ್ನು ಕಡಿದು ಶಿವನಿಗೆ ಅರ್ಪಿಸಿ ಮತ್ತೆ ಪಡೆಯಬೇಕು. ಪಡೆದರೆ ಜೈನರು ತಮ್ಮ ಜಿನಬಿಂಬವನ್ನು ಕಿತ್ತು ಅಲ್ಲಿ ಶಿವನನ್ನು ಪ್ರತಿಷ್ಠಿಸಬೇಕು. ಈ ಒಪ್ಪಂದವನ್ನು ರಾಮಯ್ಯ ಬಾಯಿಮಾತಿಗೆ ಬಿಡದೆ ಓಲೆಯಲ್ಲಿ ಬರೆಸಿಕೊಳ್ಳುತ್ತಾನೆ. ಏಳನೆಯ ದಿನ ತಲೆ ಮರಳಿ ಬಂದಿತೆಂದು ಶಾಸನ ಹೇಳುತ್ತದೆ. ಜೈನರು ಬಿಂಬವನ್ನು ಕೀಳಬೇಡವೆಂದು ಬೇಡಿಕೊಳ್ಳುತ್ತಾರೆ, ರಾಮಯ್ಯ ಕೇಳದೆ ಕಾವಲಿನವರನ್ನು ಓಡಿಸಿ ಒಡೆದುಹಾಕುತ್ತಾನೆ. ಜೈನರು ಕಲ್ಯಾಣದ ಬಿಜ್ಜಳನಲ್ಲಿ ದೂರು ಕೊಡುತ್ತಾರೆ. ರಾಮಯ್ಯ ಓಲೆಯನ್ನು ಅರಸನ ಮುಂದೆ ಇಟ್ಟು, ಇನ್ನಷ್ಟು ಬಸದಿಗಳನ್ನು ಪಣವಿಟ್ಟರೆ ಮತ್ತೊಮ್ಮೆ ತಲೆಯನ್ನು ಒಪ್ಪಿಸಲು ಸಿದ್ಧನೆನ್ನುತ್ತಾನೆ. ಜೈನರು ಒಪ್ಪುವುದಿಲ್ಲ. ಬಿಜ್ಜಳನು ನಕ್ಕು, ಅವರಿಗೆ ಸುಮ್ಮನೆ ಬದುಕಿಕೊಂಡಿರಲು ಹೇಳಿ, ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ. ಮುಂದೆ ಅಬ್ಬಲೂರಿನ ಸೋಮನಾಥ ದೇವಾಲಯಕ್ಕೆ ಬಿಜ್ಜಳನಿಂದಲೂ, ಚಾಲುಕ್ಯ ನಾಲ್ಕನೆಯ ಸೋಮೇಶ್ವರನಿಂದಲೂ, ಕಾಮದೇವನಿಂದಲೂ ದತ್ತಿಗಳು ದೊರೆಯುತ್ತವೆ. ಹರಿಹರನು ಇದೇ ಪ್ರಸಂಗವನ್ನು ರಗಳೆಯಾಗಿಸಿದ್ದಾನೆ. ಅಬ್ಬಲೂರಿನ ಗುಡಿಯಲ್ಲಿ ಅದರ ಶಿಲ್ಪಗಳೂ ಇವೆ.

ಪವಾಡವನ್ನು ಪರೀಕ್ಷಿಸುವುದು ಇತಿಹಾಸದ ಕೆಲಸವಲ್ಲ. ಆದರೆ ಪವಾಡದ ಸುತ್ತ ಹೆಣೆದುಕೊಂಡಿರುವ ಓಲೆ, ದೂರು, ಅರಸನ ವಿಚಾರಣೆ, ಜಯಪತ್ರ, ದತ್ತಿ ಎಲ್ಲವೂ ಆ ಕಾಲದ ಸಂಸ್ಥೆಗಳು. ಜಯಪತ್ರವೆಂಬುದು ಮೂಲತಃ ವ್ಯವಹಾರಶಾಸ್ತ್ರದ ಪದ, ದಾವೆಯಲ್ಲಿ ಗೆದ್ದವನಿಗೆ ಕೊಡುವ ತೀರ್ಪಿನ ಪತ್ರ. ಹೊಲದ ಗಡಿಯ ವ್ಯಾಜ್ಯಕ್ಕೂ ದೇವರ ಹಿರಿಮೆಯ ವ್ಯಾಜ್ಯಕ್ಕೂ ಒಂದೇ ಬಗೆಯ ಪತ್ರ ಸಾಕೆಂದು ಸಮಾಜವೊಂದು ಒಪ್ಪಿಕೊಂಡಾಗ ಧರ್ಮಚರ್ಚೆಯು ಆಸ್ತಿಯ ದಾವೆಯಾಗಿ ಮಾರ್ಪಡುವುದು ಸಹಜ. ದಾವೆಯಲ್ಲಿ ಗೆದ್ದವನಿಗೆ ಜಾಗ ಸಿಗುತ್ತದೆ, ಸೋತವನು ಜಾಗ ಬಿಡಬೇಕಾಗುತ್ತದೆ. ಅಬ್ಬಲೂರಿನ ಜೈನರ ನಿರೂಪಣೆ ಕಲ್ಲಿನಲ್ಲಿ ಉಳಿದಿಲ್ಲ. ಅವರು ಆ ಓಲೆಯನ್ನು ಬರೆದುಕೊಟ್ಟದ್ದು ನಿಜವೇ, ಬರೆದುಕೊಟ್ಟಿದ್ದರೆ ಯಾವ ಒತ್ತಡದಲ್ಲಿ ಎಂಬುದನ್ನು ಗೆದ್ದವರ ಶಾಸನದಿಂದ ತಿಳಿಯಲಾಗದು.

ಇದಕ್ಕೆ ಎರಡು ಶತಮಾನಗಳ ನಂತರದ ಇನ್ನೊಂದು ದಾಖಲೆಯನ್ನು ಪಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ. ದೆಹಲಿಯಲ್ಲಿ 1321ರಲ್ಲಿ ಜನಿಸಿದ ಸೈಯದ್ ಮುಹಮ್ಮದ್ ಹುಸೈನಿ ಗೇಸೂದರಾಜರು, ಅಂದರೆ ಜನರ ಬಾಯಲ್ಲಿ ಖಾಜಾ ಬಂದೇನವಾಜರು, ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರು. ತೈಮೂರನ ದಾಳಿಯ ಹೊತ್ತಿಗೆ 1398ರಲ್ಲಿ ದೆಹಲಿಯನ್ನು ಬಿಟ್ಟು, ಫಿರೋಜ್ ಷಾ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ ಇಲ್ಲಿಯೇ ತೀರಿಕೊಂಡರು. 1400ರ ಸುಮಾರಿಗೆ ಅವರು ಆಡಿದ ಮಾತುಗಳನ್ನು ಹಿರಿಯ ಮಗ ಸೈಯದ್ ಮುಹಮ್ಮದ್ ಅಕ್ಬರ್ ಹುಸೈನಿಯವರು ಜವಾಮಿ-ಉಲ್-ಕಲಿಮ್ ಎಂಬ ಪಾರಸಿ ಗ್ರಂಥದಲ್ಲಿ ಸಂಗ್ರಹಿಸಿದರು.

ಆ ಗ್ರಂಥದ ಒಂದು ಕಡೆ ಗೇಸೂದರಾಜರು ಬ್ರಾಹ್ಮಣ ಪಂಡಿತರೊಂದಿಗೆ ತಾವು ನಡೆಸಿದ ವಾದಗಳನ್ನು ನೆನೆದಿದ್ದಾರೆ. ಸಂಸ್ಕೃತದ ಗ್ರಂಥಗಳನ್ನೂ ಪುರಾಣಗಳನ್ನೂ ತಾವು ಬಲ್ಲೆವೆಂದೂ, ಪಂಡಿತರು ಹಲವು ಬಾರಿ ವಾದಕ್ಕೆ ಬಂದರೆಂದೂ, ಸೋತವರು ಗೆದ್ದವರ ಧರ್ಮವನ್ನು ಸ್ವೀಕರಿಸಬೇಕೆಂಬ ಕರಾರು ಮೊದಲೇ ಆಗುತ್ತಿತ್ತೆಂದೂ ಅವರು ಹೇಳುತ್ತಾರೆ. ತಾವೇ ಗೆದ್ದೆವೆಂಬುದು ಅವರ ನಿರೂಪಣೆ. ಆದರೆ ಕರಾರಿನಂತೆ ನಡೆಯಬೇಕಾದ ಹೊತ್ತಿಗೆ ಎದುರಿನವರು ಹಿಂದೆ ಸರಿಯುತ್ತಿದ್ದರು. ಒಬ್ಬನು ಹೆಂಡತಿ ಮತ್ತು ಸಂಸಾರದ ಕಾರಣ ಹೇಳಿದನು. ಇನ್ನೊಬ್ಬನ ಉತ್ತರದ ತಾತ್ಪರ್ಯವೆಂದರೆ ಒಳ್ಳೆಯದೋ ಕೆಟ್ಟದ್ದೋ, ಹಿರಿಯರು ನಡೆದುಕೊಂಡು ಬಂದದ್ದೇ ತಮಗೆ ಒಳಿತು.

ಈ ಉತ್ತರವನ್ನು ನಿರೂಪಕರು ಸೋಲನ್ನು ಒಪ್ಪದವರ ನೆಪವೆಂಬಂತೆ ದಾಖಲಿಸಿದ್ದಾರೆ. ಇಂದಿನ ಸಂಶೋಧಕನ ದೃಷ್ಟಿಯಲ್ಲಿ ಇಡೀ ಪ್ರಸಂಗದ ಅತ್ಯಂತ ಪ್ರಾಮಾಣಿಕವಾದ ಮಾತು ಅದೇ. ಪಂಡಿತನು ತನ್ನ ನಂಬಿಕೆಯನ್ನು ವಾದದ ಮೂಲಕ ಗಳಿಸಿದವನಲ್ಲ. ತಂದೆಯಿಂದ, ತಾಯಿಯಿಂದ, ಮನೆಯ ಹಬ್ಬದಿಂದ, ಸಾವಿನ ಮನೆಯ ಕರ್ಮದಿಂದ ಪಡೆದವನು. ವಾದದಿಂದ ಬಾರದ್ದು ವಾದದಿಂದ ಹೋಗುವುದಿಲ್ಲ. ಅದನ್ನು ಪ್ರಶ್ನಿಸಿದಾಗ ಅವನ ಕಿವಿಗೆ ಕೇಳಿಸುವುದು ತತ್ತ್ವದ ಪ್ರಶ್ನೆಯಾಗಿರದೆ ಹೆತ್ತವರ ಮೇಲಿನ ಆಕ್ಷೇಪವಾಗಿರುತ್ತದೆ. ಹೆಂಡತಿಯ ಮಾತು ತೆಗೆದವನೂ ನೆಪ ಹೇಳಿದವನಲ್ಲ. ಧರ್ಮ ಬಿಟ್ಟರೆ ಬಿಡಬೇಕಾದವರು ಯಾರು ಯಾರು ಎಂಬ ಲೆಕ್ಕವನ್ನು ಅವನು ಮುಂದಿಟ್ಟನು. ಗೆದ್ದವರಿಗೂ ಇದೇ ನೋವು ಇನ್ನೊಂದು ರೀತಿಯಲ್ಲಿ ಆಗುತ್ತದೆ. ನ್ಯಾಯವಾಗಿ ಗೆದ್ದ ಮೇಲೂ ಎದುರಿನವನು ಒಪ್ಪಲಿಲ್ಲವೆಂದರೆ ಅವನು ಕಪಟಿಯೇ ಇರಬೇಕೆಂಬ ತೀರ್ಮಾನ ಬೇಗ ಬರುತ್ತದೆ. ತನ್ನ ಮಾತನ್ನು ಒಪ್ಪದವನ ಬುದ್ಧಿಯ ಮೇಲೆ ಸಂಶಯ, ಬಳಿಕ ಅವನ ಶೀಲದ ಮೇಲೆ ಸಂಶಯ. ಹಗೆಯ ಹಾದಿ ಇಲ್ಲಿಂದ ದೂರವಿಲ್ಲ.

ಹಾಗಿದ್ದರೂ ಗೇಸೂದರಾಜರ ವಾದಗಳು ರಕ್ತಪಾತದಲ್ಲಿ ಮುಗಿಯಲಿಲ್ಲ. ಅಬ್ಬಲೂರಿನಲ್ಲೂ ಸೋತವರು ಕರಾರು ಮುರಿದರು, ಇಲ್ಲಿಯೂ ಮುರಿದರು. ಅಲ್ಲಿ ಬಿಂಬ ಒಡೆಯಿತು, ಇಲ್ಲಿ ಪಂಡಿತರು ಎದ್ದು ಮನೆಗೆ ಹೋದರು. ಎರಡೂ ಪ್ರಸಂಗಗಳಲ್ಲಿ ಮತಾಭಿಮಾನಕ್ಕೆ ಕೊರತೆಯಿರಲಿಲ್ಲ. ಬೇರೆಯಾಗಿದ್ದುದು ಪಣದ ಸ್ವರೂಪ. ಅಬ್ಬಲೂರಿನ ಪಣವಾದ ಬಿಂಬವನ್ನೂ ಅದರ ಜಾಗವನ್ನೂ ಕೈಬಲದಿಂದ ವಶಪಡಿಸಿಕೊಳ್ಳಬಹುದಿತ್ತು, ಅರಸನ ಪತ್ರದಿಂದ ಸ್ಥಿರಪಡಿಸಿಕೊಳ್ಳಬಹುದಿತ್ತು. ಪಂಡಿತನ ಪಣ ಅವನ ಮನಸ್ಸು. ಅದನ್ನು ಕಿತ್ತುಕೊಳ್ಳುವ ಉಪಾಯ ವಾದಿಯ ಬಳಿ ಇರಲಿಲ್ಲ, ಜಾರಿಗೊಳಿಸುವ ಅಧಿಕಾರಿಯೂ ಅಲ್ಲಿರಲಿಲ್ಲ.

ಪ್ರಭುತ್ವದ ವಿಷಯ ಬಂದಾಗ ಇದೇ ಸಂತರ ಬದುಕಿನಲ್ಲೂ ವೈಮನಸ್ಯ ಹೊಕ್ಕಿತು. ಫಿರೋಜ್ ಷಾ ಸ್ವತಃ ವಿದ್ವಾಂಸ. ಗೇಸೂದರಾಜರಲ್ಲಿ ತಾನು ಎಣಿಸಿದಷ್ಟು ಲೌಕಿಕ ಶಾಸ್ತ್ರಜ್ಞಾನ ಕಾಣದೆ ಅವನು ನಿರಾಶನಾದನೆಂದು ಫಿರಿಶ್ತಾ ಬರೆದಿದ್ದಾನೆ. ಅಷ್ಟರಿಂದ ಜಗಳವಾಗಲಿಲ್ಲ. ಸುಲ್ತಾನನ ಮಗ ಹಸನ್ ಖಾನನ ಉತ್ತರಾಧಿಕಾರವನ್ನು ಸಂತರು ಆಶೀರ್ವದಿಸದೆ, ಪಟ್ಟವು ಸುಲ್ತಾನನ ತಮ್ಮ ಅಹ್ಮದನಿಗೆ ಸಲ್ಲುವುದೆಂದಾಗ ಸಂಬಂಧ ಹಳಸಿತು. ಕೋಟೆಯ ಸಮೀಪದಲ್ಲಿದ್ದ ಖಾನಕಾವನ್ನು ಜನಸಂದಣಿಯ ಕಾರಣ ಹೇಳಿ ದೂರಕ್ಕೆ ಕಳುಹಿಸಲಾಯಿತು. ಇಂದು ದರ್ಗಾ ಇರುವ ಜಾಗ ಆ ವೈಮನಸ್ಯದ ಫಲ. ಅಹ್ಮದ್ ಷಾ 1422ರಲ್ಲಿ ಪಟ್ಟಕ್ಕೆ ಬಂದು ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದನು. ಅರಮನೆ ಈಶಾನ್ಯಕ್ಕೆ ಹೋಯಿತು, ದರ್ಗಾ ಕಲಬುರಗಿಯಲ್ಲೇ ಉಳಿಯಿತು.

ರಾಜಧಾನಿ ಹೋದ ಮೇಲಿನ ಶತಮಾನಗಳಲ್ಲಿ ಹಳ್ಳಿಗಾಡಿನ ಜನ ಧರ್ಮದ ವಾದವನ್ನು ಬಿಡಲಿಲ್ಲ. ಪಣವನ್ನು ಹಗುರ ಮಾಡಿದರು. ಹರದೇಶಿ-ನಾಗೇಶಿ ಹಾಡಿಕೆ ಇದರ ಒಳ್ಳೆಯ ನಿದರ್ಶನ. ಪುರುಷ ಹೆಚ್ಚೆನ್ನುವ ಹರದೇಶಿ ಮೇಳವೂ ಶಕ್ತಿ ಹೆಚ್ಚೆನ್ನುವ ನಾಗೇಶಿ ಮೇಳವೂ ಊರ ಜನರ ಮುಂದೆ ರಾತ್ರಿಯಿಡೀ ಸವಾಲು-ಜವಾಬು ನಡೆಸುತ್ತವೆ. ಪುರಾಣದ ಎಳೆಯೊಂದನ್ನು ಹಿಡಿದು ಒಂದು ಮೇಳ ಕೇಳಿದ ಪ್ರಶ್ನೆಗೆ ಇನ್ನೊಂದು ಮೇಳ ಪದದಲ್ಲೇ ಉತ್ತರಿಸಬೇಕು. ಬಳಸುವ ಮಾತು ಮೃದುವಾದುದೇನಲ್ಲ; ಎದುರಿನವರ ದೇವರ ಹುಟ್ಟು, ಮದುವೆ, ಮಾನ ಎಲ್ಲವೂ ಬಯಲಿಗೆ ಬರುತ್ತವೆ. ಅದೇ ಮಾತನ್ನು ಹಗಲಿನಲ್ಲಿ ಕಟ್ಟೆಯ ಮೇಲೆ ಆಡಿದರೆ ಹೊಡೆದಾಟವೇ ಆದೀತು. ಬೆಳಗಾದಾಗ ಕೇಳಿದವರು ತಲೆದೂಗಿ ಎದ್ದು ಹೋಗುತ್ತಾರೆ, ಯಾರ ಗುಡಿಯೂ ಯಾರ ಕೈಗೂ ಹೋಗುವುದಿಲ್ಲ. ಜಲ್ಪವನ್ನು ಜಲ್ಪವೆಂದೇ ಒಪ್ಪಿಕೊಂಡು ಅದಕ್ಕೊಂದು ರಾತ್ರಿಯ ಎಲ್ಲೆ ಹಾಕಿದ ಜಾಣತನ ಇದು.

ತತ್ವಪದಕಾರರ ದಾರಿ ಬೇರೆಯದು. ಯಡ್ರಾಮಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಖೈನೂರಿನ ಕೃಷ್ಣಪ್ಪನವರೂ ತೆಲುಗಬಾಳದ ರೇವಪ್ಪನವರೂ ಇದ್ದರು. ಹುಟ್ಟಿನ ಜಾತಿಮತಗಳು ಬೇರೆಯಾದ ಇವರು ಯಾವ ಧರ್ಮ ದೊಡ್ಡದೆಂಬ ಪ್ರಶ್ನೆಯನ್ನು ತೀರ್ಮಾನಕ್ಕೆ ತರಲಿಲ್ಲ. ಬೆಡಗಿನ ಭಾಷೆಯಲ್ಲಿ ಅದನ್ನು ದೇಹದ ಒಳಗಿನ ಪ್ರಶ್ನೆಯಾಗಿ ತಿರುಗಿಸಿಕೊಂಡರು. ಇದನ್ನು ಸಹಿಷ್ಣುತೆ ಎನ್ನುವುದಕ್ಕಿಂತ ವಾದದಿಂದ ಬುದ್ಧಿಪೂರ್ವಕವಾಗಿ ಹೊರಬಂದದ್ದು ಎನ್ನುವುದು ಸರಿ. ಮಠದ ಶಾಸ್ತ್ರಿಗಳ ಸಿಟ್ಟು ಅವರಿಗೆ ತಪ್ಪಲಿಲ್ಲ.

ಹೈದರಾಬಾದು ಸಂಸ್ಥಾನದ ಕೊನೆಯ ದಶಕಗಳಲ್ಲಿ ಪಣ ಮತ್ತೆ ಭಾರವಾಯಿತು. ಸಾರ್ವಜನಿಕ ಸಭೆಗಳಿಗೆ ಮುಂಗಡ ಅನುಮತಿ ಬೇಕೆಂದು ಸರ್ಕಾರ ಹೊರಡಿಸಿದ 53ನೆಯ ಗಸ್ತಿಯು ರಾಜಕೀಯ ಮಾತಿನ ಬಾಗಿಲನ್ನು ಮುಚ್ಚಿತು. ಅಧಿಕಾರ, ನೌಕರಿ, ಭಾಷೆ, ಶಿಕ್ಷಣ ಕುರಿತ ಅಸಮಾಧಾನಗಳಿಗೆ ಭಜನೆ, ಜಾತ್ರೆ, ಮೆರವಣಿಗೆ, ಧಾರ್ಮಿಕ ಉಪನ್ಯಾಸಗಳೇ ದಾರಿಯಾದವು. ಹೀಗೆ ಧರ್ಮಚರ್ಚೆಯು ತನ್ನದಲ್ಲದ ಹೊರೆಯನ್ನೂ ಹೊತ್ತುಕೊಂಡಿತು. 1924ರ ಆಗಸ್ಟಿನಲ್ಲಿ, ಮೊಹರಂ ಸಮಯದಲ್ಲಿ, ಗುಲಬರ್ಗಾ ನಗರದಲ್ಲಿ ಗಲಭೆಯಾಗಿ ದೇವಾಲಯಗಳ ಮೇಲೆ ದಾಳಿ ನಡೆಯಿತು. ಗಾಂಧೀಜಿ ಆ ತಿಂಗಳ ಕೊನೆಯಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಈ ಘಟನೆಯನ್ನು ಖಂಡಿಸಿ ಬರೆದರು. ಪಂಜಾಬಿನಲ್ಲಿ ಪ್ರವಾದಿಯವರನ್ನು ನಿಂದಿಸಿದ ಕಿರುಹೊತ್ತಗೆಯೊಂದು ಪ್ರಕಟವಾದದ್ದೂ ಅದೇ ವರ್ಷ. ಅದರ ಮೊಕದ್ದಮೆಯ ಪರಿಣಾಮವಾಗಿ 1927ರಲ್ಲಿ ಭಾರತೀಯ ದಂಡಸಂಹಿತೆಗೆ 295-ಎ ಕಲಮು ಸೇರಿತು. ನಂಬಿಕೆಯ ಕುರಿತ ಮಾತು ಆಗಿನಿಂದ ಕಾನೂನಿನ ವಿಷಯವೂ ಆಯಿತು.

ಆರ್ಯಸಮಾಜವು ಶಾಸ್ತ್ರಾರ್ಥವನ್ನು, ಅಂದರೆ ಬಹಿರಂಗ ವಾದವನ್ನು, ಪ್ರಚಾರದ ಮುಖ್ಯ ಸಾಧನವಾಗಿ ಮಾಡಿಕೊಂಡಿತ್ತು. ಹವನಕುಂಡ, ಮಂದಿರ, ಪ್ರಚಾರಗಳಿಗೆ ಸಂಸ್ಥಾನವು ಒಡ್ಡಿದ್ದ ಅನುಮತಿಯ ಅಡ್ಡಿಗಳ ವಿರುದ್ಧ ಅದು 1939ರಲ್ಲಿ ಸತ್ಯಾಗ್ರಹ ಹೂಡಿದಾಗ ಅದರ ಮೊದಲ ನಾಯಕರಾದ ಮಹಾತ್ಮಾ ನಾರಾಯಣ ಸ್ವಾಮಿಯವರು ಗುಲಬರ್ಗಾ ಜೈಲಿನಲ್ಲಿ ಬಂದಿಯಾಗಿದ್ದರು. ಸತ್ಯಾಗ್ರಹ ಆ ವರ್ಷದ ಆಗಸ್ಟಿನಲ್ಲಿ ನಿಂತಿತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲೇ ನಿಷೇಧಿಸಲಾಗಿತ್ತು. ಮುಂದಿನ ಹತ್ತು ವರ್ಷಗಳ ಕಥೆ ತಿಳಿದದ್ದೇ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಪ್ರತೀಕಾರ ನಡೆಯಿತು. ಪಂಡಿತ್ ಸುಂದರಲಾಲ್ ಅವರ ಸಮಿತಿಯು ಅತ್ಯಂತ ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರನ್ನು ಹೆಸರಿಸಿತು. ಆ ವರದಿಯು ದಶಕಗಳ ಕಾಲ ಬೆಳಕು ಕಾಣಲಿಲ್ಲ. ಒಂದು ಸಮುದಾಯ ಗೋರ್ಟಾವನ್ನು, ಇನ್ನೊಂದು ಸೆಪ್ಟೆಂಬರಿನ ನಂತರದ ದಿನಗಳನ್ನು ಮನೆಯೊಳಗೆ ನೆನೆಯಿತು. ಒಂದೇ ವರ್ಷದ ಎರಡು ನೆನಪುಗಳು ಒಂದೇ ಪುಟದಲ್ಲಿ ಬರೆಯಲ್ಪಡಲಿಲ್ಲ. ಈ ಸೀಮೆಯಲ್ಲಿ ದೇವರ ವಿಷಯವಾಗಿ ಆರಂಭವಾದ ಮಾತು ಇದ್ದಕ್ಕಿದ್ದಂತೆ ಬಿಸಿಯಾಗುವುದಕ್ಕೆ ಈ ಹೇಳದೆ ಉಳಿದ ನೆನಪುಗಳೂ ಕಾರಣವೆಂದರೆ ತಪ್ಪಾಗದು.

ಹಗೆಗೆ ಧರ್ಮದ ದೂರ ಬೇಕಾಗಿಲ್ಲ, ಸಾಮೀಪ್ಯವೂ ಸಾಕು ಎಂಬುದಕ್ಕೆ ಹತ್ತಿರದ ಕಾಲದ ನಿದರ್ಶನವಿದೆ. ಲಿಂಗಾಯತವು ಪ್ರತ್ಯೇಕ ಧರ್ಮವೋ, ವೀರಶೈವ-ಲಿಂಗಾಯತಗಳು ಒಂದೆಯೋ ಎಂಬ ಚರ್ಚೆ ವಿದ್ವತ್ ವಲಯದಲ್ಲಿ ದಶಕಗಳಿಂದ ನಡೆದಿತ್ತು. ಆ ವಲಯವೂ ನಿರಾತಂಕವಾಗಿತ್ತೆನ್ನುವಂತಿಲ್ಲ, ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದ ಕೆಲವು ಬರಹಗಳನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಅವರು ಧಾರವಾಡದ ತಮ್ಮ ಮನೆಯಲ್ಲಿ ಗುಂಡೇಟಿಗೆ ಬಲಿಯಾದರು. 2017ರಲ್ಲಿ ಪ್ರಶ್ನೆಯು ಬೀದಿಗೆ ಬಂದಿತು. ಬೀದರ್, ಬೆಳಗಾವಿಗಳ ನಂತರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲೂ ದೊಡ್ಡ ಸಮಾವೇಶ ನಡೆಯಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ರಾಜ್ಯ ಸಚಿವ ಸಂಪುಟವು 2018ರ ಮಾರ್ಚ್ 19ರಂದು ಒಪ್ಪಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಅದೇ ದಿನ ಕಲಬುರಗಿಯ ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತದಲ್ಲಿ ಎರಡು ಬಣಗಳು ಕೈಕೈ ಮಿಲಾಯಿಸಿದವು. ಇಷ್ಟಲಿಂಗ, ವಿಭೂತಿ, ಬಸವಣ್ಣನವರ ಮೇಲಿನ ಭಕ್ತಿ ಎರಡೂ ಕಡೆಯವರಿಗೆ ಸಮಾನ. ಮನೆಮನೆಯ ನಡುವೆ ಕೊಡುಕೊಳೆಯೂ ಇತ್ತು. ಇಲ್ಲಿಯೂ ಸಿದ್ಧಾಂತದ ಬೆನ್ನಿಗೆ ಅಲ್ಪಸಂಖ್ಯಾತ ಸ್ಥಾನಮಾನ, ಮಠಗಳ ಮನ್ನಣೆ, ಎರಡು ತಿಂಗಳಲ್ಲಿ ಬರಲಿದ್ದ ವಿಧಾನಸಭಾ ಚುನಾವಣೆ ನಿಂತಿದ್ದವು. ಬಿಜ್ಜಳನ ಜಾಗದಲ್ಲಿ ಸಚಿವ ಸಂಪುಟವಿತ್ತು. ಕೇಂದ್ರ ಸರ್ಕಾರ ಶಿಫಾರಸನ್ನು ಒಪ್ಪಲಿಲ್ಲ.

ಕಮಲಾಪುರದಂಥ ಊರಿನ ಸಂತೆಯಲ್ಲಿ ಧರ್ಮದ ಮಾತು ನಡೆಯುವ ರೀತಿ ನಗರದ ವೃತ್ತದಲ್ಲಿ ನಡೆಯುವ ರೀತಿಗಿಂತ ಬೇರೆ. ಕೆಂಪು ಬಾಳೆಯಿಂದ ಹೆಸರಾದ, 2018ರಲ್ಲಿ ತಾಲ್ಲೂಕು ಕೇಂದ್ರವಾದ ಈ ಊರು ದೊಡ್ಡ ದಾರಿಯ ಮೇಲಿದ್ದರೂ ರಾಜಧಾನಿಯಾಗಿದ್ದ ಊರಲ್ಲ. ಕನ್ನಡವೂ ದಖನಿಯೂ ಬೆರೆತ ವ್ಯವಹಾರದಲ್ಲಿ ಜನ ಒಬ್ಬರನ್ನೊಬ್ಬರು ಕಾಕಾ, ಮಾಮಾ, ಅಣ್ಣಾ, ಮುತ್ಯಾ ಎಂದು ಕರೆಯುವುದು ಈ ಭಾಗದ ಪದ್ಧತಿ. ನಂಬಿಕೆಯು ಹಿರಿಯರ ಸಂಬಂಧದ ಒಂದು ಭಾಗವೆಂದು ಗೇಸೂದರಾಜರಿಗೆ ಉತ್ತರ ಕೊಟ್ಟವನ ಮಾತನ್ನು ಇಲ್ಲಿ ನೆನೆಯಬಹುದು. ಕಾಕಾ ಎಂದು ಕರೆದವನ ದೇವರನ್ನು ಜರೆಯುವುದು ಸಂಬಂಧವನ್ನೇ ಕಡಿದಂತೆ ಆಗುತ್ತದೆ. ಆದುದರಿಂದ ಮಾತು ಅಲ್ಲಿಗೆ ಬಂದಾಗ ಹಿರಿಯರಾದವರು ಮಳೆಯತ್ತಲೋ ತೊಗರಿಯ ಧಾರಣೆಯತ್ತಲೋ ತಿರುಗಿಸುತ್ತಾರೆ. ಇದರಲ್ಲಿ ಪರಸ್ಪರ ತಿಳಿವಳಿಕೆ ಬೆಳೆಯುವುದಿಲ್ಲವೆಂಬ ಆಕ್ಷೇಪ ನಿಜ. ಈ ಮೌನದ ಕೆಳಗೆ 1948ರಂಥ ನೆನಪುಗಳು ಹಾಗೇ ಉಳಿಯುತ್ತವೆಂಬುದೂ ನಿಜ. ಹೊರಗಿನಿಂದ ಪಣವೊಂದು ಬಂದು ಬಿದ್ದರೆ ಈ ಮೌನ ತಡೆಯಲಾರದು.

ಆಳಂದದಲ್ಲಿ ಆದದ್ದು ಅದೇ. ಏಕಾಂತದ ರಾಮಯ್ಯನ ಹುಟ್ಟೂರಾದ ಇಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ; ಅದೇ ಆವರಣದಲ್ಲಿ ರಾಘವಚೈತನ್ಯರ ಸಮಾಧಿಯ ಶಿವಲಿಂಗವೂ ಇದೆ. ಬಹುಕಾಲ ಎರಡು ಕಡೆಯ ಜನರೂ ಬಂದುಹೋಗುತ್ತಿದ್ದ ಜಾಗ. ಲಿಂಗಕ್ಕೆ ಅಪಚಾರವಾಯಿತೆಂಬ ದೂರಿನ ನಂತರ, 2022ರ ಮಾರ್ಚ್ 1ರ ಶಿವರಾತ್ರಿಯಂದು ಶುದ್ಧೀಕರಣ ಪೂಜೆಗೆ ಮೆರವಣಿಗೆ ಹೊರಟು, ನಿಷೇಧಾಜ್ಞೆಯ ನಡುವೆಯೇ ಕಲ್ಲುತೂರಾಟವಾಯಿತು. ವಿವಾದವು ವಕ್ಫ್ ನ್ಯಾಯಮಂಡಳಿಗೂ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠಕ್ಕೂ ಹೋಯಿತು. 2023ರ ಶಿವರಾತ್ರಿಯಂದು, ನಿಗದಿಯಾದ ಗಂಟೆಗಳಲ್ಲಿ, 15 ಜನರು ಪೊಲೀಸ್ ಬಂದೋಬಸ್ತಿನಲ್ಲಿ ಒಳಗೆ ಹೋಗಿ ಪೂಜೆ ಮಾಡಿ ಬಂದರು.

ಅದೇ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಇನ್ನೊಂದು ಪಯಣ ಹೊರಡುತ್ತದೆ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಅಹ್ಮದ್ ಷಾ ಬಹಮನಿಯ ಗೋರಿಯಿದೆ. ಮುಸ್ಲಿಮರು ಅವನನ್ನು ವಲಿಯೆಂದು ಗೌರವಿಸುತ್ತಾರೆ, ಲಿಂಗಾಯತರು ಅಲ್ಲಮಪ್ರಭುವೆಂದು ನಂಬಿ ನಡೆದುಕೊಳ್ಳುತ್ತಾರೆ. ಸಿದ್ಧಾಂತದಲ್ಲಿ ಇದಕ್ಕಿಂತ ದೊಡ್ಡ ಭಿನ್ನಾಭಿಪ್ರಾಯ ಇನ್ನೊಂದಿರಲಾರದು. ಗೋರಿಯೊಳಗೆ ಇರುವವರು ಯಾರು ಎಂಬುದರಲ್ಲೇ ಎರಡು ಕಡೆಯವರಿಗೆ ಒಮ್ಮತವಿಲ್ಲ. ಉರುಸಿನ ದಿನವನ್ನು ಹೋಳಿಯ ನಂತರದ ತಿಥಿಯಂತೆ ಎಣಿಸಲಾಗುತ್ತದೆ. ಮಾಡಿಯಾಳದ ಜಂಗಮರು ಪರಿವಾರದೊಂದಿಗೆ ಕಾಲ್ನಡಿಗೆಯಲ್ಲಿ ಬಂದು, ಗುಮ್ಮಟದ ಬಾಗಿಲಲ್ಲಿ ಶಂಖ ಊದಿ, ತೆಂಗಿನಕಾಯಿ ಒಡೆದು, ಗೋರಿಗೆ ಹೂವು ಏರಿಸುತ್ತಾರೆ.